ಎರಡನೇ ಸಹಿ

ಜುಲೈ 9

ಚಿಕ್ಕಪ್ಪ,

ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ಕಾಗದದಲ್ಲಿ ಯಾಕೆ ಅಂತ ಹುಬ್ಬು ಗಂಟು ಹಾಕಬೇಡಿ. ನನ್ನ ಮೇಲ್ ಬಂದರೆ ಕಣ್ಣಿಗೂ ಬೀಳದೆ ನೇರ ಕಸದ ಬುಟ್ಟಿಗೆ ಹೋಗುವ ಹಾಗೆ ಮಾಡಿಟ್ಟಿದ್ದೀರಂತೆ, ಚಿಕ್ಕಮ್ಮ ಹೇಳಿದರು. ಫೋನ್ ಮಾಡಿದರೆ ಅಂಗಡಿಯಲ್ಲಿ ಗಿರಾಕಿ ಇದ್ದಾರೆ ಅನ್ನುತ್ತೀರಿ. ಅಂಚೆಯವರಿಗೆ ಅಡ್ಡ ಹಾಕುವ ಉಪಾಯ ನಿಮಗಿನ್ನೂ ಹೊಳೆದಿಲ್ಲ ಅಂದುಕೊಂಡಿದ್ದೇನೆ.

ನಾನೀಗ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೇನೆ. ನಲವತ್ತೊಂದು ಯಂತ್ರಗಳಿವೆ. ಎಲ್ಲದರಲ್ಲೂ ಇರುವುದು ನೀವೂ ನಿಮ್ಮ ಬಳಗದವರೂ ಸೇರಿ ಕಟ್ಟಿದ ಆಪರೇಟಿಂಗ್ ಸಿಸ್ಟಂ. ಯಾರು ಬೇಕಾದರೂ ಹಾಕಿಕೊಳ್ಳಬಹುದು, ಯಾರು ಬೇಕಾದರೂ ಒಳಗೆ ಇಣುಕಿ ಪ್ರತಿ ಸಾಲನ್ನೂ ಓದಬಹುದು ಅನ್ನುವಂಥದ್ದು. ನನಗೆ ಜಗಳ ಇದ್ದದ್ದು ನಿಮ್ಮ ಜೊತೆ, ಅದರ ಜೊತೆಗಲ್ಲ.

ನಿಮ್ಮ ರಿಪೇರಿ ಅಂಗಡಿಯಲ್ಲಿ ನೀವು ಕಲಿಸಿದ ಚಾಳಿ ಬಿಟ್ಟಿಲ್ಲ. ಬೆಳಿಗ್ಗೆ ಕೆಲಸಕ್ಕೆ ಕೂರುವ ಮೊದಲು, ಬಳಗದವರು ಹಿಂದಿನ ದಿನ ಏನೇನು ತಿದ್ದಿದರು ಅಂತ ಓದುತ್ತೇನೆ. "ಏನು ಹಾಕಿದ್ರು ಅಂತ ಆಮೇಲೆ ನೋಡು, ಏನು ತೆಗೆದ್ರು ಅಂತ ಮೊದ್ಲು ನೋಡು. ರೋಗ ಇರೋದು ತೆಗೆದಿದ್ರಲ್ಲಿ" ಅನ್ನುತ್ತಿದ್ದಿರಿ. ಜುಲೈ ಆರರಂದು ಪ್ರಿಂಟರಿಗೆ ಕೆಲಸ ಕಳಿಸುವ ಭಾಗದಲ್ಲಿ ಹನ್ನೊಂದು ಸಾಲು ಹೋಗಿ ಎರಡು ಸಾಲು ಬಂದಿವೆ. ಮೇಲೆ ಶೀರ್ಷಿಕೆ: "ಸಣ್ಣ ಶುಚಿ ಕೆಲಸ". ತಿದ್ದಿದವರು ನೀವು.

ಅದು ಶುಚಿ ಕೆಲಸವಲ್ಲ ಚಿಕ್ಕಪ್ಪ, ತೂತು ಮುಚ್ಚಿದ್ದು. ಹಳೆಯ ಸಾಲುಗಳು ಪ್ರಿಂಟರಿಗೆ ಬಂದ ಬರಹ ಎಷ್ಟು ಉದ್ದವಿದೆ ಅಂತ ಅಳೆಯುವುದೇ ಇಲ್ಲ. ಬೇಕೆಂದೇ ಅಳತೆ ಮೀರಿ ಉದ್ದದ್ದು ಕಳಿಸಿದರೆ ಅದು ತುಂಬಿ ಚೆಲ್ಲುತ್ತದೆ, ಆಮೇಲೆ ಯಂತ್ರ ಕಳಿಸಿದವನು ಹೇಳಿದ ಹಾಗೆ ಕುಣಿಯುತ್ತದೆ. ಉಗ್ರಾಣದಲ್ಲಿ ಬಿದ್ದಿದ್ದ ಹಳೆಯ ಯಂತ್ರದ ಮೇಲೆ ಮಾಡಿ ನೋಡಿದೆ. ಇಪ್ಪತ್ತು ನಿಮಿಷ ಹಿಡಿಯಿತು. ನಾಲ್ಕನೇ ತರಗತಿಗೇ ಶಾಲೆ ಬಿಟ್ಟು ನಿಮ್ಮ ಅಂಗಡಿಯಲ್ಲಿ ಕಲಿತವಳಿಗೆ ಇಪ್ಪತ್ತು ನಿಮಿಷವಾದರೆ, ಓದಿದ ಕಳ್ಳನಿಗೆ ಎಷ್ಟು ಬೇಕು?

ಇಲ್ಲಿ ಪ್ರಿಂಟರಿನಿಂದ ಬರುವುದು ಹುಟ್ಟಿದ ಮಗುವಿನ ಕೈಗೆ ಕಟ್ಟುವ ಪಟ್ಟಿ. ತಾಯಿಯ ಕೈಗೂ ಅದೇ ಸಂಖ್ಯೆ. ಹೊರಗೆ ಹಜಾರದಲ್ಲಿ ಕಾದು ಕೂತವರ ಫೋನುಗಳೂ ಇದೇ ವೈಫೈಗೆ ಸೇರುತ್ತವೆ. ಬೇರೆ ಮಾಡಿಸಿ ಅಂತ ಸೂಪರಿಂಟೆಂಡೆಂಟರನ್ನು ಎರಡು ಸಲ ಕೇಳಿದೆ. ಎರಡು ಸಲವೂ "ನೋಡೋಣ" ಅಂದರು.

ನೀವು ಹಾಕಿದ ತೇಪೆ ನಮ್ಮ ಕೈಗೆ ಬರುವುದು ಎಲ್ಲ ತೇಪೆಗಳನ್ನೂ ಸೇರಿಸಿ ಕಳಿಸುವ ನಿಮ್ಮ ಮೂರು ತಿಂಗಳ ಕಟ್ಟಿನಲ್ಲಿ, ಅಕ್ಟೋಬರ್ ಒಂದಕ್ಕೆ. ಆರನೇ ತಾರೀಕಿನಿಂದ ಎಣಿಸಿದರೆ ಎಂಬತ್ತೇಳು ದಿನ. ಇದೊಂದನ್ನು ಬಿಡಿಯಾಗಿ ಈಗಲೇ ಕಳಿಸಿ. ಬೇರೇನೂ ಕೇಳುವುದಿಲ್ಲ.

ಸಣ್ಣ ಸ್ಕ್ರೂ ಎತ್ತಲು ಇವಳ ಬೆರಳೇ ಸಾಕು ಅಂತ ನೀವು ಹೆಸರಿಟ್ಟ,
ಚಿಮಟ

*

ಜುಲೈ 15

ಚಿಮಟ,

ಕಾಗದ ಬಂತು. ಒಂದು ಸಲ ಓದಿದೆ. ನಿನ್ನ ಅಕ್ಷರ ಇನ್ನೂ ಇರುವೆ ಸಾಲಿನ ಹಾಗೇ ಇದೆ.

ತೂತು ಅನ್ನುವುದು ಸರಿ. ಬಿಡಿಯಾಗಿ ಕಳಿಸು ಅನ್ನುವುದು ಸರಿಯಲ್ಲ. ಮೂರು ವರ್ಷದ ಹಿಂದೆ ಗಿರಾಕಿಗಳ ಆಫೀಸುಗಳನ್ನು ಸುತ್ತಿ ಬಂದು ಬಳಗಕ್ಕೆ ಒಂದು ಕಾಗದ ಬರೆದವರು ಯಾರು? "ದಿನಕ್ಕೊಂದು ತೇಪೆ ಕಳಿಸಬೇಡಿ. ಜನರಿಗೆ ರೇಜಿಗೆ ಹುಟ್ಟಿದೆ. ಒಂದು ಶಾಲೆಯಲ್ಲಿ ಹದಿನಾಲ್ಕು ತಿಂಗಳಿನಿಂದ 'ಆಮೇಲೆ' ಅನ್ನುವ ಗುಂಡಿಯನ್ನೇ ಒತ್ತುತ್ತಿದ್ದಾರೆ. ದಿನಾ ಬಾಗಿಲು ತಟ್ಟಿದರೆ ಮನೆಯವರು ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಾರೆ. ಎಲ್ಲ ಸೇರಿಸಿ ಕಟ್ಟಿ, ಒಂದು ದಿನ ಗೊತ್ತು ಮಾಡಿ ಕಳಿಸಿ." ಈ ಕಾಗದ ನನ್ನ ಮೇಜಿನ ಖಾನೆಯಲ್ಲೇ ಇದೆ. ಕಟ್ಟು ಅನ್ನುವುದು ಶುರುವಾದದ್ದೇ ನಿನ್ನಿಂದ. ಮೊದಲು ತಿಂಗಳಿಗೊಂದು ಇತ್ತು, ಆಮೇಲೆ ಬಳಗದ ಸಮಿತಿ ಮೂರು ತಿಂಗಳಿಗೊಂದು ಮಾಡಿತು. ನಾನೂ ಕೈ ಎತ್ತಿದೆ. ನೀನು ಆವತ್ತು ಸಭೆಯಿಂದ ತುಟಿ ಬಿಚ್ಚದೆ ಎದ್ದು ಹೋದೆ. ಬಾಯಿ ಇದ್ದವರು ನಿಯಮ ಮಾಡಿದರು.

ಇದೊಂದನ್ನೇ ಈಗ ಹೊರಗೆ ಬಿಟ್ಟರೆ ಊರಿಗೆಲ್ಲ ಡಂಗುರ ಹೊಡೆದ ಹಾಗೆ. ಕಳ್ಳರು ಏನೋ ದೊಡ್ಡದೇ ಇದೆ ಅಂತ ಹುಡುಕಲು ಕೂರುತ್ತಾರೆ. ಸುಮ್ಮನಿದ್ದರೆ, ಸಾವಿರಾರು ತಿದ್ದುಪಡಿಗಳ ನಡುವೆ ಆ ಎರಡು ಸಾಲನ್ನು ಯಾರು ನೋಡುತ್ತಾರೆ? ಶೀರ್ಷಿಕೆ ಹಾಗೆ ಹಾಕಿದ್ದು ಅದಕ್ಕೇ. ತುರ್ತಾಗಿ ಕಳಿಸಲು ನಿಯಮ ಇದ್ದೇ ಇದೆ: ಯಾರಿಗಾದರೂ ಹಾನಿಯಾಗಿದೆ ಅನ್ನುವ ಸಾಕ್ಷಿ ಬೇಕು.

ಆತುರಗಾರನಿಗೆ ಬುದ್ಧಿ ಮಟ್ಟ. ಅಕ್ಟೋಬರ್‌ವರೆಗೆ ತಾಳು.

ಚಿಕ್ಕಪ್ಪ

(ಚಿಕ್ಕಮ್ಮ ಬರೆಯುವುದು: ಒಂದು ಸಲ ಓದಿದೆ ಅಂತ ಬರೆದಿದ್ದಾರೆ, ಮೂರು ಸಲ ಓದಿದರು. ಮೂರನೇ ಸಲ ಕನ್ನಡಕ ತೆಗೆದು ಒರೆಸಿಕೊಂಡು ಓದಿದರು. ಊಟ ಸರಿಯಾಗಿ ಮಾಡ್ತೀಯಾ?)

*

ಜುಲೈ 20

ಚಿಕ್ಕಪ್ಪ,

ಹೌದು, ಆ ಕಾಗದ ಬರೆದವಳು ನಾನೇ. ಸಾಮಾನು ಒಟ್ಟಿಗೆ ಕಟ್ಟಿ ಕಳಿಸಿ ಅಂದಿದ್ದೆ. ಮನೆಗೆ ಬೆಂಕಿ ಬಿದ್ದರೆ ನೀರನ್ನೂ ಸಾಮಾನಿನ ಜೊತೆಗೇ ಕಳಿಸಿ ಅಂದಿರಲಿಲ್ಲ.

ಯಾರು ನೋಡುತ್ತಾರೆ ಅಂತ ಕೇಳಿದ್ದೀರಿ. ನಾನು ನೋಡಿದೆನಲ್ಲ! ಒಳಗಿನದೆಲ್ಲ ಗುಟ್ಟಾಗಿಟ್ಟುಕೊಂಡು ಮಾರುವ ಕಂಪನಿಯವರು ತೇಪೆಯನ್ನೂ ಬೀರುವಿನಲ್ಲಿ ಬಚ್ಚಿಟ್ಟು, ಗೊತ್ತು ಮಾಡಿದ ದಿನ ಹೊರಗೆ ತರಬಹುದು. ಅವರಿಗೆ ಕಟ್ಟು ಒಗ್ಗುತ್ತದೆ. ನಮ್ಮ ಮನೆಗೆ ಗೋಡೆಯೇ ಇಲ್ಲ, ಅದೇ ನಮ್ಮ ಹೆಮ್ಮೆ ಅಂತ ನೀವೇ ಹೇಳಿಕೊಟ್ಟಿದ್ದು. ಗೋಡೆ ಇಲ್ಲದ ಮನೆಯಲ್ಲಿ ಕೂತು ತೇಪೆ ಹೊಲಿದ ದಿನವೇ ಎಲ್ಲಿ ಹರಿದಿತ್ತು ಅಂತ ದಾರಿಹೋಕರಿಗೆಲ್ಲ ಕಾಣುತ್ತದೆ. ತೇಪೆ ಮಾತ್ರ ನಮಗೆ ಮೂರು ತಿಂಗಳ ಮೇಲೆ. ಅಲ್ಲಿಯವರೆಗೆ ನಾವು ಹರಿದ ಬಟ್ಟೆಯಲ್ಲೇ ತಿರುಗಬೇಕು. "ಸಣ್ಣ ಶುಚಿ ಕೆಲಸ" ಅನ್ನುವ ಶೀರ್ಷಿಕೆ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಿದೆ.

ಹಾನಿಯ ಸಾಕ್ಷಿ ಬೇಕಂತೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದಕ್ಕೂ ಒಂದು ಸಮಿತಿ ಬೇಕಾ? ಯಾವ ಮಗುವಿನ ಕೈಪಟ್ಟಿಯನ್ನು ಸಾಕ್ಷಿಯಾಗಿ ತಂದುಕೊಡಲಿ ನಿಮಗೆ?

ಸಭೆಯಲ್ಲಿ ನಾನು ಮಾತಾಡಲಿಲ್ಲ, ನಿಜ. ಅಷ್ಟು ಜನರ ಎದುರು ನನಗೆ ನಾಲಗೆ ಏಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನೀವು ಕಳಿಸದಿದ್ದರೆ ಆ ಎರಡು ಸಾಲನ್ನು ಅಲ್ಲಿಂದ ನಾನೇ ಎತ್ತಿಕೊಂಡು ನಮ್ಮ ಯಂತ್ರಗಳಿಗೆ ಹಾಕುತ್ತೇನೆ. ಬಳಗದ ಸಹಿ ಇಲ್ಲದ್ದನ್ನು ಹಾಕಬಾರದು ಅಂತ ಆಸ್ಪತ್ರೆಯ ನಿಯಮ. ಹಾಕುತ್ತೇನೆ.

ತಾಳದ,
ಚಿಮಟ

(ಚಿಕ್ಕಮ್ಮ, ಊಟ ಸರಿಯಾಗಿ ಮಾಡ್ತೀನಿ. ಅವರಿಗೆ ಹೊಸ ಕನ್ನಡಕ ಮಾಡಿಸಿ.)

*

ಜುಲೈ 31

ಚಿಕ್ಕಪ್ಪ,

ನಿಮ್ಮ ಉತ್ತರ ಬರಲಿಲ್ಲ. ನಾನು ಹೇಳಿದ್ದನ್ನು ಮಾಡಿದೆ. ಏನಾಯಿತು ಅಂತ ಒಂದನ್ನೂ ಮುಚ್ಚಿಡದೆ ಬರೆಯುತ್ತೇನೆ, ಮುಚ್ಚಿಡುವುದು ನಿಮ್ಮ ಬಳಗದ ಕೆಲಸ.

ಇಪ್ಪತ್ತೇಳನೇ ತಾರೀಕು ಮಧ್ಯಾಹ್ನ ಎರಡು ಗಂಟೆಗೆ, ನರ್ಸುಗಳ ಪಾಳಿ ಬದಲಾಗುವ ಹೊತ್ತಿಗೆ ಶುರು ಮಾಡಿದೆ. ಹೆರಿಗೆ ಕೋಣೆಯ ಹೊರಗಿನ ಯಂತ್ರದ ಹತ್ತಿರ ಬಂದರೆ ದೊಡ್ಡ ಸಿಸ್ಟರ್ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದರು.

"ಏನಮ್ಮ ಕಂಪ್ಯೂಟ್ರು, ಮತ್ತೆ ಆಫ್ ಮಾಡ್ತೀಯಾ? ಒಳಗೆ ಮೂರು ಜನ ನೋವು ತಿಂತಿದ್ದಾರೆ. ಹೋಗಿ ಅವ್ರಿಗೂ ಹೇಳು, ಸ್ವಲ್ಪ ತಡ್ಕೊಳ್ಳಿ, ರೀಸ್ಟಾರ್ಟ್ ಆಗ್ತಿದೆ ಅಂತ."

"ಆರೇ ನಿಮಿಷ ಸಿಸ್ಟರ್."

"ಆರು ನಿಮಿಷದಲ್ಲಿ ಅವಳಿ ಹೆರಿಗೆ ಮಾಡಿಸಿದೀನಿ ನಾನು!"

ಆದರೂ ಪಕ್ಕಕ್ಕೆ ಸರಿದರು. ಆರು ನಿಮಿಷದಲ್ಲಿ ಯಂತ್ರ ಎದ್ದು ಕೂತಿತು. ನಾಲ್ಕು ಗಂಟೆಯ ಹೊತ್ತಿಗೆ ನಲವತ್ತೊಂದೂ ಮುಗಿದಿದ್ದವು. ಕೈ ತೊಳೆದುಕೊಳ್ಳೋಣ ಅಂತ ಹೊರಟೆ, ಹಿಂದಿನಿಂದ ಅವರ ದನಿ ಕೇಳಿತು. "ಇಲ್ಲಿ ಬಾರೇ! ಇದೇನಿದು? ಎರಡು ಮಗೂಗೂ ಒಂದೇ ನಂಬರ್!"

ಕೈಪಟ್ಟಿಯ ಮೇಲೆ ಬರುವ ಬರಹ ಮೂವತ್ತನಾಲ್ಕು ಅಕ್ಷರ. ವಾರ್ಡು, ತಾರೀಕು, ಕೊನೆಗೆ ತಾಯಿಯ ಸಂಖ್ಯೆ. ಕೊನೆಯ ಎರಡು ಅಂಕಿ ಮಾಯವಾಗಿದ್ದವು. ಒಬ್ಬ ತಾಯಿಯದು ನಲವತ್ತನಾಲ್ಕು ಹದಿನೇಳು, ಇನ್ನೊಬ್ಬರದು ನಲವತ್ತನಾಲ್ಕು ಐವತ್ತೆರಡು. ಎರಡು ಪಟ್ಟಿಯಲ್ಲೂ ಬರೀ ನಲವತ್ತನಾಲ್ಕು. ದೊಡ್ಡ ಸಿಸ್ಟರ್‌ಗೆ ಒಂದು ಅಭ್ಯಾಸವಿದೆ. ಪಟ್ಟಿ ಕಟ್ಟುವ ಮೊದಲು ಅದನ್ನು ತಾಯಿಗೆ ಜೋರಾಗಿ ಓದಿ ಹೇಳುತ್ತಾರೆ. ಓದುವಾಗಲೇ ಸಿಕ್ಕಿಬಿತ್ತು. ಓದದೆ ಕಟ್ಟುವವರು ಆವತ್ತು ಪಾಳಿಯಲ್ಲಿದ್ದಿದ್ದರೆ ಏನಾಗುತ್ತಿತ್ತು ಅಂತ ನಾನು ಈ ನಾಲ್ಕು ದಿನದಿಂದ ಯೋಚಿಸುತ್ತಲೇ ಇದ್ದೇನೆ.

ನಲವತ್ತು ನಿಮಿಷ ಅವರು ಪಟ್ಟಿಗಳನ್ನು ಕೈಯಲ್ಲೇ ಬರೆದರು. ನಾನು ಸಾಲು ಸಾಲು ಹುಡುಕಿದೆ. ನನ್ನದೇ ಎಡವಟ್ಟು ಅಂದುಕೊಂಡಿದ್ದೆ. ಅಲ್ಲ ಚಿಕ್ಕಪ್ಪ, ನಿಮ್ಮದು. ಹೊಸ ಎರಡು ಸಾಲಿನಲ್ಲಿ ಮೂವತ್ತೆರಡಕ್ಕಿಂತ ಉದ್ದ ಇದ್ದರೆ ಕತ್ತರಿಸು ಅಂತ ಬರೆದಿದ್ದೀರಿ. ತೂತು ಮುಚ್ಚಿತು, ಮಗುವಿನ ಸಂಖ್ಯೆಯೂ ಕತ್ತರಿಸಿ ಹೋಯಿತು. ಅರವತ್ತನಾಲ್ಕು ಮಾಡಿದೆ, ಪ್ರತಿ ಪಟ್ಟಿಯನ್ನೂ ಹಳೆಯದರ ಪಕ್ಕ ಇಟ್ಟು ನೋಡಿದೆ. ಈಗ ಸರಿಯಿದೆ.

ಹಾಕುವ ಮೊದಲು ಒಂದು ಪಟ್ಟಿಯನ್ನು ಮುದ್ರಿಸಿ ನೋಡಬೇಕಿತ್ತು. ನೋಡಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಅಂದಿರಿ, ಅದನ್ನು ಒಪ್ಪುತ್ತೇನೆ. ಆದರೆ ಇದೂ ನೋಡಿ: ಆ ಎರಡು ಸಾಲು ಮೂರು ವಾರ ಎಲ್ಲರ ಕಣ್ಣೆದುರು ಬಿದ್ದಿತ್ತು, ಹಾಕಿ ನೋಡಿದವರು ಒಬ್ಬರೂ ಇರಲಿಲ್ಲ. ಅಕ್ಟೋಬರ್ ಒಂದಕ್ಕೆ ಬೇರೆ ಅರವತ್ತು ತೇಪೆಗಳ ಜೊತೆ, ಎಲ್ಲ ಆಸ್ಪತ್ರೆಗಳಿಗೂ ಒಂದೇ ದಿನ ಹೋಗಿದ್ದರೆ? ಅಂಕಿ ತಿಂದದ್ದು ಅರವತ್ತರಲ್ಲಿ ಯಾವುದು ಅಂತ ಯಾರು ಹುಡುಕುತ್ತಿದ್ದರು? ಒಂದೇ ಹಾಕಿದ್ದಕ್ಕೆ ನನಗೆ ನಲವತ್ತು ನಿಮಿಷದಲ್ಲಿ ಸಿಕ್ಕಿತು.

ಮರುದಿನ ಸೂಪರಿಂಟೆಂಡೆಂಟ್ ಕರೆಸಿದರು.

"ಸಹಿ ಇಲ್ಲದ್ದನ್ನ ಯಾರನ್ನ ಕೇಳಿ ಹಾಕ್ದೆ?"

"ಯಾರನ್ನೂ ಕೇಳ್ಲಿಲ್ಲ ಸರ್."

"ಆಗಸ್ಟ್ ಹದಿನಾಲ್ಕರೊಳಗೆ ಬಳಗದ ಸಹಿ ಇರೋದನ್ನ ತಂದು ತೋರ್ಸು. ಇಲ್ದಿದ್ರೆ ಹಳೇದನ್ನೇ ವಾಪಸ್ ಹಾಕಿ, ಬೀಗದ ಕೈ ಕೊಟ್ಟು ಮನೆಗೆ ಹೋಗು."

"ಬೀಗದ ಕೈ ಈಗ್ಲೇ ಬೇಕಾದ್ರೂ ತಗೊಳ್ಳಿ ಸರ್. ಹಳೇದನ್ನ ನನ್ನ ಕೈಯಾರೆ ವಾಪಸ್ ಹಾಕಲ್ಲ."

ಇಷ್ಟು ಹೇಳುವಾಗ ನಾನು ಅವರ ಮೇಜಿನ ಕಾಲನ್ನೇ ನೋಡುತ್ತಿದ್ದೆ. ಆದರೆ ಹೇಳಿದೆ.

ತಿದ್ದಿದ ಸಾಲನ್ನು ಹಿಂದಿನ ಪುಟದಲ್ಲಿ ಬರೆದಿದ್ದೇನೆ. ನಿಮಗೆ ಬೇಕಾದರೆ ತೆಗೆದುಕೊಳ್ಳಿ.

ಚಿಮಟ

*

ಆಗಸ್ಟ್ 6

ಚಿಮಟ,

ಅಂಗಡಿಯ ಅಟ್ಟದಿಂದ ಹಳೆಯ ಲೇಬಲ್ ಪ್ರಿಂಟರ್ ಇಳಿಸಿ, ಧೂಳು ಒರೆಸಿ, ನೀನು ಬರೆದ ಹಾಗೆ ಮೂವತ್ತನಾಲ್ಕು ಅಕ್ಷರ ಕಳಿಸಿದೆ. ಎರಡು ಅಂಕಿ ಹೋದವು. ಆ ಚೀಟಿಯನ್ನು ಮುಂದಿಟ್ಟುಕೊಂಡು ಎಷ್ಟೋ ಹೊತ್ತು ಕೂತಿದ್ದೆ. ಗಿರಾಕಿಯೊಬ್ಬರು ರೇಡಿಯೋ ಹಿಡಿದುಕೊಂಡು ಬಂದು, ಕಾದು, ಹೊರಟೇಹೋದರಂತೆ.

ನಿನ್ನೆ ಸಮಿತಿ ಸೇರಿತು. ಚೀಟಿ ತೋರಿಸಿದೆ. ತಪ್ಪು ನನ್ನದು, ತೂತೂ ಇದೆ, ತೇಪೆಯೂ ಸರಿಯಿರಲಿಲ್ಲ, ತಿದ್ದಿದ್ದನ್ನು ಈಗಲೇ ಬಿಡಿಯಾಗಿ ಕಳಿಸೋಣ ಅಂದೆ.

ಕಾರ್ಯದರ್ಶಿ ಕೇಳಿದರು, "ಯಾರಿಗೆ ಹಾನಿ ಆಗಿದೆ?"

"ಇನ್ನೂ ಯಾರಿಗೂ ಇಲ್ಲ."

"ಮತ್ತಿನ್ನೇನು?"

ನಿನ್ನ ಕೋಟೆಯ ಗಾದೆ ಹೇಳಿದೆ. "ಗಾದೆಗೆ ಮತ ಇಲ್ಲ ಯಜಮಾನ್ರೇ" ಅಂದರು. ನಾಲ್ಕು ಕೈ ಅಕ್ಟೋಬರಿಗೆ, ಒಂದು ಕೈ ಈಗ. ಎರಡು ವರ್ಷದ ಹಿಂದೆ ಅದೇ ಕೋಣೆಯಲ್ಲಿ ಅವರ ಜೊತೆ ಎತ್ತಿದ್ದ ಕೈಯೇ ಇದು. ಆವತ್ತು ಬಾಗಿಲ ಹತ್ತಿರ ನೀನು ಒಂದು ಸಲ ತಿರುಗಿ ನನ್ನ ಕಡೆ ನೋಡಿದ್ದೆ. ಅದನ್ನು ನೋಡಿಯೂ ನೋಡದವನ ಹಾಗಿದ್ದೆ.

ಈಗ ಕೇಳು. ಬಳಗದಿಂದ ಹೊರಗೆ ಹೋಗುವ ಯಾವುದಕ್ಕೂ ಎರಡು ಕೀಲಿಗಳ ಸಹಿ ಬಿದ್ದಿರಬೇಕು, ಒಂದೇ ಇದ್ದರೆ ಯಾವ ಯಂತ್ರವೂ ಅದನ್ನು ನಂಬುವುದಿಲ್ಲ. ಒಂದು ಕೀಲಿ ನನ್ನದು. ಎರಡನೆಯದು ನಿನ್ನದಾಗಿತ್ತು, ನೀನು ಬಳಗ ಬಿಟ್ಟು ಹೋದ ಮೇಲೆ ಕಾರ್ಯದರ್ಶಿಗೆ ಹೊಸದೊಂದು ಮಾಡಿಕೊಟ್ಟರು. ನಿನ್ನ ಹಳೆಯ ಕೀಲಿಯನ್ನು ಪಟ್ಟಿಯಿಂದ ಹೊಡೆದುಹಾಕುವ ಕೆಲಸ ನನಗೆ ಹೇಳಿದ್ದರು. ನಾನು ಹೊಡೆಯಲಿಲ್ಲ. ಮರೆತೆ ಅಂತಲೇ ಇಟ್ಟುಕೋ.

ಹನ್ನೆರಡನೇ ತಾರೀಕು ಬೆಳಿಗ್ಗೆ ಹನ್ನೊಂದಕ್ಕೆ ತಿದ್ದಿದ ತೇಪೆಯನ್ನು ನನ್ನ ಸಹಿ ಹಾಕಿ ಎಲ್ಲರಿಗೂ ಕಾಣುವ ಕಡೆ ಇಡುತ್ತೇನೆ. ಶೀರ್ಷಿಕೆ: "ಪ್ರಿಂಟರ್ ಭಾಗದಲ್ಲಿ ದೊಡ್ಡ ತೂತು. ಕೂಡಲೇ ಹಾಕಿಕೊಳ್ಳಿ." ಬಚ್ಚಿಡುವುದು ಮುಗಿಯಿತು. ನೀನು ಸಹಿ ಹಾಕಿದರೆ ಹೋಗುತ್ತದೆ, ಇಲ್ಲದಿದ್ದರೆ ಅಲ್ಲೇ ಕೂರುತ್ತದೆ. ಹಾಕಿದರೆ ನಮ್ಮಿಬ್ಬರ ಕೀಲಿಯನ್ನೂ ಅವರು ಕಿತ್ತುಕೊಳ್ಳುತ್ತಾರೆ. ಕಿತ್ತುಕೊಳ್ಳಲಿ. ಚಿಕ್ಕಪ್ಪ ಅಂತ ಮುಲಾಜಿಗೆ ಬಿದ್ದು ಹಾಕಬೇಡ. ಸಾಲು ಸಾಲು ಓದಿ ಹಾಕು.

ಚಿಕ್ಕಪ್ಪ

(ಚಿಕ್ಕಮ್ಮ: ಸಭೆಯಿಂದ ಬಂದವರೇ ಮೇಜು ಗುದ್ದಿದರು. ಲೋಟ ಒಡೆಯಿತು. ಇಷ್ಟು ಗೆಲುವಾಗಿ ಇವರನ್ನು ನೋಡಿ ಎರಡು ವರ್ಷ ಆಗಿತ್ತು.)

*

ಆಗಸ್ಟ್ 13

ಚಿಕ್ಕಪ್ಪ,

ಕೀಲಿ ಇರುವ ಪೆನ್‌ಡ್ರೈವನ್ನು ಹಳೆಯ ಚಿಮಟದ ಜೊತೆ ಒಂದು ಡಬ್ಬಿಯಲ್ಲಿ ಇಟ್ಟಿದ್ದೆ. ನಿನ್ನೆ ಹತ್ತೂಮುಕ್ಕಾಲಿಗೇ ತೆಗೆದು ಕೂತಿದ್ದೆ. ಹನ್ನೊಂದಕ್ಕೆ ಸರಿಯಾಗಿ ನಿಮ್ಮದು ಬಂತು. ನೀವು ಹೇಳಿದ ಹಾಗೆ ಸಾಲು ಸಾಲು ಓದಿದೆ.

ಸಹಿ ಯಾಕೆ ತಡವಾಯಿತು ಅಂತ ನಿಮಗೆ ಗೊತ್ತೇ ಇದೆ, ಆದರೂ ಬರೆದೇ ಬರೆಯುತ್ತೇನೆ. ಒಂದು ತೇಪೆ ಅಂತ ಹೇಳಿ ಅದರ ಜೊತೆ ಇನ್ನೂ ಮೂರನ್ನು ತುರುಕಿದ್ದಿರಿ! ಗಡಿಯಾರದ್ದೊಂದು, ಕೀಲಿಮಣೆಯದೊಂದು, ಇನ್ನೊಂದು ಯಾವುದೋ ಬಣ್ಣದ್ದು. ಹೇಗೂ ಗಾಡಿ ಹೋಗ್ತಿದೆ, ಇವೂ ಕೂತ್ಕೊಳ್ಳಲಿ ಅಂತ ತಾನೇ? ಕಟ್ಟಿ ಕಟ್ಟಿ ನಿಮ್ಮ ಕೈಗೆ ಅದೇ ರೂಢಿಯಾಗಿದೆ.

ಕಾಗದ ಬರೆಯುವಷ್ಟು ಸಮಯ ಇರಲಿಲ್ಲ. ಬಳಗದವರೆಲ್ಲ ನೋಡುವ ಆನ್‌ಲೈನ್ ಹಲಗೆಯ ಮೇಲೆಯೇ ಬರೆದೆ: "ಒಂದೇ ಇರಲಿ. ಉಳಿದ ಮೂರು ತೆಗೆಯಿರಿ. ತೆಗೆಯುವವರೆಗೆ ನನ್ನ ಸಹಿ ಇಲ್ಲ." ಅಷ್ಟು ಜನರ ಎದುರು ನಾನು ಆಡಿದ ಮೊದಲ ಮಾತು ಅದು. ಕೆಳಗೆ ಕಾರ್ಯದರ್ಶಿ ಕೇಳಿದರು, "ಇದು ಯಾರು?" ಹೆಸರು ಬರೆದು ಅಳಿಸಿದೆ. ಆಮೇಲೆ ಬರೆದೆ: "ಎರಡನೇ ಸಹಿ."

ನೀವು ತೆಗೆದು ಮತ್ತೆ ಇಟ್ಟಾಗ ನಾಲ್ಕು ಗಂಟೆ. ಒಂದು ಪಟ್ಟಿ ಮುದ್ರಿಸಿ ನೋಡಿದೆ, ಈ ಸಲ ಮೊದಲೇ. ದೊಡ್ಡ ಸಿಸ್ಟರ್ ಪಕ್ಕದಲ್ಲಿ ನಿಂತು ಅದನ್ನು ಜೋರಾಗಿ ಓದಿದರು, ಕೊನೆಯ ಅಂಕಿಯವರೆಗೆ. ನಾಲ್ಕೂ ಹತ್ತಕ್ಕೆ ಸಹಿ ಹಾಕಿದೆ. ಐದಕ್ಕೆ ಮೊದಲ ಯಂತ್ರ ಅದನ್ನು ತಾನಾಗಿಯೇ ಕೇಳಿ ಪಡೆಯಿತು.

ಇವತ್ತು ಸೂಪರಿಂಟೆಂಡೆಂಟರಿಗೆ ಎರಡೂ ಸಹಿ ತೋರಿಸಿದೆ.

"ಎರಡ್ನೇದು ಯಾರ್ದು?"

"ನಂದೇ ಸರ್."

ಅವರು ಕನ್ನಡಕದ ಮೇಲಿಂದ ನೋಡಿದರು. "ಅಂದ್ರೆ, ನಿನ್ನ ಸಹಿ ಇಲ್ಲ ಅಂತ ನಿಂಗೇ ಬೈದ್ನಾ ನಾನು?"

ಬೀಗದ ಕೈ ನನ್ನ ಹತ್ತಿರವೇ ಇದೆ. ವೈಫೈ ಬೇರೆ ಮಾಡುವ ವಿಷಯ ಮತ್ತೆ ಎತ್ತಿದೆ. "ನೋಡೋಣ" ಅಂದರು. "ಯಾವತ್ತು ಸರ್?" ಅಂದೆ. ಸೋಮವಾರ ಅಂತ ಹೇಳುವವರೆಗೆ ಅಲ್ಲೇ ನಿಂತಿದ್ದೆ.

ಚಿಮಟ

*

ಅಕ್ಟೋಬರ್ 4

ಚಿಮಟ,

ನಮ್ಮಿಬ್ಬರ ಕೀಲಿ ಹೋಗಿ ಒಂದೂವರೆ ತಿಂಗಳಾಯಿತು. ಅಕ್ಟೋಬರ್ ಒಂದರ ಕಟ್ಟು ನಾನಿಲ್ಲದೆಯೇ ಹೊರಟಿತು. ನಮ್ಮ ಒಂಟಿ ತೇಪೆಯನ್ನು ಮೊದಲ ವಾರದಲ್ಲೇ ಹನ್ನೆರಡು ಸಾವಿರ ಯಂತ್ರಗಳಿಗೆ ಹಾಕಿಕೊಂಡಿದ್ದಾರೆ. ಯಾವುದೋ ಗ್ರಂಥಾಲಯದವರು ಬರೆದಿದ್ದರು: "ಒಂದೇ ಇದ್ದದ್ದರಿಂದ ಊಟದ ಬಿಡುವಿನಲ್ಲೇ ಹಾಕಿ ಮುಗಿಸಿದೆವು." ಇಂಥವರನ್ನೇ ರೇಜಿಗೆ ಹಿಡಿದವರು ಅಂತ ನಾವು ಅಂದುಕೊಂಡಿದ್ದೆವು.

ಸಮಿತಿ ಒಂದು ಪತ್ರ ಕಳಿಸಿದೆ. ಯಾರಿಗೂ ಏನೂ ಆಗಲಿಲ್ಲವಾದ್ದರಿಂದ ಅವಸರ ಬೇಕಿರಲಿಲ್ಲವಂತೆ. ಸೊಳ್ಳೆ ಪರದೆ ಕಟ್ಟಿಕೊಂಡು ಮಲಗಿ ಎದ್ದವನು, ಒಂದು ಸೊಳ್ಳೆಯೂ ಕಚ್ಚಲಿಲ್ಲ, ಪರದೆ ದಂಡ ಅಂದ ಹಾಗೆ. ಇಬ್ಬರೂ ಸಹಿ ಹಾಕಿ ಕ್ಷಮಾಪಣೆ ಬರೆದುಕೊಟ್ಟರೆ ಕೀಲಿ ವಾಪಸ್ ಕೊಡುತ್ತಾರಂತೆ.

ಬರೆದಿದ್ದೇನೆ. ಜೊತೆಗೆ ಇಟ್ಟಿದ್ದೇನೆ, ನೋಡು. ನನ್ನ ಸಹಿಯ ಕೆಳಗೆ ಜಾಗ ಬಿಟ್ಟಿದ್ದೇನೆ.

"ಕ್ಷಮಾಪಣೆ. ಸಮಿತಿಯವರಿಗೆ: ನಮ್ಮಿಂದ ತಪ್ಪಾಗಿದೆ. ಆಗಸ್ಟ್ ಹನ್ನೆರಡರಂದು ಕಳಿಸಿದ್ದನ್ನು ಜುಲೈ ಆರರಂದೇ ಕಳಿಸಬೇಕಿತ್ತು. ಮೂವತ್ತೇಳು ದಿನ ತಡ ಮಾಡಿದ್ದಕ್ಕೆ ಕ್ಷಮೆ ಕೇಳುತ್ತೇವೆ, ನಿಮ್ಮನ್ನಲ್ಲ, ಅದನ್ನು ಹಾಕಿಕೊಂಡವರನ್ನು. ಇಂಥದ್ದು ಇನ್ನೊಂದು ಸಿಕ್ಕಿದರೆ ಇಷ್ಟು ತಡ ಮಾಡುವುದಿಲ್ಲ."

ನಿನ್ನ ಮೇಲ್‌ಗೆ ಹಾಕಿದ್ದ ಅಡ್ಡ ತೆಗೆದಿದ್ದೇನೆ. ಆದರೂ ಕಾಗದವನ್ನೇ ಬರಿ.

ಚಿಕ್ಕಪ್ಪ

(ಚಿಕ್ಕಮ್ಮ: ಹೊಸ ಲೋಟ ತಂದಿದ್ದೇನೆ. ನಿನಗೂ ಒಂದು ಇದೆ.)

*

ಅಕ್ಟೋಬರ್ 8

ಚಿಕ್ಕಪ್ಪ,

ಸಾಲು ಸಾಲು ಓದಿದೆ. ಒಳಗೆ ತಿದ್ದುವುದಕ್ಕೆ ಏನೂ ಇಲ್ಲ. ಮೇಲೆ ಮಾತ್ರ "ಕ್ಷಮಾಪಣೆ" ಅಂತ ಹಾಕಿದ್ದಿರಿ. ಒಳಗೆ ಒಂದಿದ್ದು ಶೀರ್ಷಿಕೆ ಇನ್ನೊಂದು ಹೇಳುವ ಚಾಳಿ ನಿಮಗಿನ್ನೂ ಹೋಗಿಲ್ಲ. ಅದನ್ನು ಹೊಡೆದು "ತುರ್ತು ತಿದ್ದುಪಡಿ" ಅಂತ ಬರೆದಿದ್ದೇನೆ.

ಭಾನುವಾರ ಊಟಕ್ಕೆ ಬರುತ್ತೇನೆ. ಭಾನುವಾರ ಹೇಗೂ ಬರುತ್ತೀಯಲ್ಲ, ಆಗಲೇ ತಂದು ಕೊಡಬಹುದಿತ್ತಲ್ಲ ಅನ್ನಬೇಡಿ. ಸಹಿ ಹಾಕಿ, ಲಕೋಟೆ ಅಂಟಿಸಿ, ಸಮಿತಿಗೆ ಇವತ್ತೇ ಬಿಡಿಯಾಗಿ ಅಂಚೆಗೆ ಹಾಕಿದೆ.

ನಿಮ್ಮ
ಎರಡನೇ ಸಹಿ